ಮಸ್ಟ್ಯಾಂಗಿನ ಡಿಕ್ಕಿ ಸರಳು ತೆಗೆದದ್ದು: ನನ್ನ ಅನುಭವ

ಡಿಕ್ಕಿ ಬಾಗಿಲನ್ನು ಮೇಲೆತ್ತಿ ಹಿಡಿಯುವ ಎರಡೂ ಸ್ಪ್ರಿಂಗ್ ಸರಳು ಹೊರಗೆ ಬಂದವು. ಬಣ್ಣ ಆದ ಮೇಲೆ ಮತ್ತೆ ಒಳಗೂ ಹೋದವು. ನನ್ನ ಹತ್ತು ಬೆರಳೂ ಅವುಗಳ ಜಾಗದಲ್ಲೇ ಇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕುಂಬಳೆಯಿಂದ ಮಂಗಳೂರಿನವರೆಗೆ ಐದಾರು ಜನ "ಅದು ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ" ಎಂದಿದ್ದರು. ಅವರಲ್ಲಿ ಒಬ್ಬರು ಹಳೆ ಕಾರಿನ ಕೆಲಸದಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. "ಗ್ರೈಂಡರ್ ಹಾಕಿ ಕತ್ತರಿಸು, ಹೊಸತು ತರಿಸು, ಸುಮ್ನೆ ಕೈ ಕಳಕೊಳ್ಬೇಡ" ಎಂದರು. ಅವರ ಮಾತು ಕೇಳಿದ್ದರೆ ಶೆಡ್ಡು ಉಳಿಯುತ್ತಿತ್ತೋ ಇಲ್ಲವೋ. ಅದನ್ನು ಮುಂದೆ ಹೇಳುತ್ತೇನೆ.

ಕಾರು 1966ರ ಫೋರ್ಡ್ ಮಸ್ಟ್ಯಾಂಗ್ ಕೂಪೆ. ಎಡಗಡೆ ಸ್ಟಿಯರಿಂಗ್. ಆರು ಸಿಲಿಂಡರಿನ 200 ಘನ ಇಂಚಿನ ಇಂಜಿನ್, ಅಂದರೆ ನಮ್ಮ ಲೆಕ್ಕದಲ್ಲಿ 3.3 ಲೀಟರು. ಎಂಟು ಸಿಲಿಂಡರಿನದಲ್ಲ ಎಂದು ಮೂಗು ಮುರಿಯುವವರು ಮುರಿಯಲಿ. ಇದನ್ನು ಸ್ಪೋರ್ಟ್ಸ್ ಕಾರು ಅನ್ನಬಾರದು, ಪೋನಿ ಕಾರು (ಸ್ಪೋರ್ಟ್ಸ್ ಕಾರಿನ ರೂಪದ ಮಾಮೂಲಿ ಕಾರು) ಅನ್ನಬೇಕು ಎಂದು ವಾದ ಮಾಡುವವರೂ ಇದ್ದಾರೆ. ಅಡಿಯಲ್ಲಿ ಇರುವುದು ಬಹುಪಾಲು ಫೋರ್ಡಿನದೇ ಮಾಮೂಲಿ ಕಾರು ಫಾಲ್ಕನ್ನಿನ ಸಾಮಾನೇ, ಒಪ್ಪುತ್ತೇನೆ. ಆದರೆ ಉಪ್ಪಳದ ಪೇಟೆಯಲ್ಲಿ ಅದು ಹೋಗುವಾಗ ಮೀನು ಮಾರುವವರೂ ತಕ್ಕಡಿ ಬಿಟ್ಟು ನೋಡುತ್ತಾರೆ. ನನಗೆ ಅಷ್ಟು ಸಾಕು.

ಕಾರಿನ ಯಜಮಾನರು ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಕಾರನ್ನು ಮುಂಬೈಯಲ್ಲಿ ಕೊಂಡು ಲಾರಿಯಲ್ಲಿ ತರಿಸಿದರು. ಮನೆ ಕಡಲಿಗೆ ತೀರಾ ಹತ್ತಿರ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಉಳಿದ ದಿನ ಉಪ್ಪುಗಾಳಿ. ಎರಡು ಮಳೆಗಾಲದಲ್ಲಿ ಹಿಂದಿನ ಗಾಜಿನ ಕೆಳಮೂಲೆಯಿಂದ ನೀರು ಇಳಿದು ಡಿಕ್ಕಿಯ ಎರಡು ಬದಿಯ ತಗಡು ಹಪ್ಪಳ ಆಗಿತ್ತು. ಹಿಂಜ್ ಕೂರುವ ಜಾಗದಲ್ಲೂ ತುಕ್ಕು. ಡಿಕ್ಕಿ ಬಾಗಿಲು, ಹಿಂಜ್, ಸರಳು ಎಲ್ಲ ಬಿಚ್ಚದೆ ಅಲ್ಲಿಗೆ ಕೈ ಹೋಗುವುದಿಲ್ಲ. ಹಿಂದಿನ ಭಾಗದ ಟಿಂಕರಿಂಗ್, ಬಣ್ಣ ಎಲ್ಲ ಸೇರಿ 45 ಸಾವಿರಕ್ಕೆ ಒಪ್ಪಿದೆ. ಬಿಚ್ಚುವುದಕ್ಕೆ ಅರ್ಧ ದಿನ ಸಾಕು ಅಂತ ನನ್ನ ಲೆಕ್ಕ. ಹೋದದ್ದು ಹನ್ನೆರಡು ದಿನ.

ನಾನು ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ಶೆಡ್ಡು ಇಟ್ಟುಕೊಂಡವನು. ಹೊಟ್ಟೆಪಾಡು ಅಡಿಕೆಗೆ ಮದ್ದು ಬಿಡುವ ಪಂಪು, ಹಳೆ ಜೀಪು, ನೀರಿನ ಪಂಪ್‌ಸೆಟ್ಟು. ಹಳೆ ಕಾರು ನನ್ನ ಹುಚ್ಚು. ಈ ಡಿಕ್ಕಿ ಸರಳು ಗೊತ್ತಿಲ್ಲದವರಿಗೆ ಎರಡು ಮಾತು. ಎರಡು ಉದ್ದದ ಸ್ಪ್ರಿಂಗ್ ಸ್ಟೀಲಿನ ಸರಳು, ಹಿಂದಿನ ಸೀಟಿನ ಬೆನ್ನ ಹಿಂದೆ ಈ ಬದಿಯಿಂದ ಆ ಬದಿಗೆ ಅಡ್ಡ ಹೋಗಿರುತ್ತವೆ. ಒಂದು ತುದಿ ಒಂದು ಬದಿಯಲ್ಲಿ ಸಾಲಾಗಿರುವ ಕಚ್ಚುಗಳಲ್ಲಿ (ತಗಡಿನ ತೋಡುಗಳಲ್ಲಿ) ಒಂದಕ್ಕೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿ ಎದುರು ಬದಿಯಲ್ಲಿ ಹಿಂಜನ್ನು ಮೇಲೆತ್ತುತ್ತದೆ. ಒಳಗೆ ಹುರಿ ತುಂಬಿರುತ್ತದೆ, ಹೊಸೆದ ಹಗ್ಗದ ಹಾಗೆ. ಆ ಹುರಿ ನಿಮ್ಮ ಕೈಯಲ್ಲಿ ಮೆಲ್ಲ ಬಿಚ್ಚಬೇಕು, ನಿಮ್ಮ ಮುಖದ ಮೇಲೆ ಬಿಚ್ಚಬಾರದು. ಕೆಲಸ ಇಷ್ಟೇ.

ಇಷ್ಟೇ ಅಂತ ಮೊದಲನೆಯ ದಿನ ನಾನೂ ಅಂದುಕೊಂಡೆ. ವೈಸ್ ಗ್ರಿಪ್, ಅಂದರೆ ಕಚ್ಚಿ ಹಿಡಿದುಕೊಳ್ಳುವ ಇಕ್ಕಳ, ತೆಗೆದುಕೊಂಡೆ. ಬಾಗಿಲು ಪೂರ್ತಿ ಎತ್ತಿ, ಅಡಿಕೆ ಕೊಯ್ಯುವ ದೋಟಿಯ ಒಂದು ತುಂಡು ಊರಿ ನಿಲ್ಲಿಸಿದೆ. ಸರಳಿನ ಬಗ್ಗಿದ ತುದಿಗೆ ವೈಸ್ ಗ್ರಿಪ್ ಕಚ್ಚಿಸಿ ಎಳೆದೆ. ಒಂದಿಷ್ಟು ಅಲುಗಿತು. ಖುಷಿಯಾಯಿತು. ಇನ್ನೂ ಎಳೆದೆ. ಸರಳಿನ ಮೇಲಿದ್ದದ್ದು ಸ್ಟೀಲಲ್ಲ, ಐವತ್ತು ಚಿಲ್ಲರೆ ವರ್ಷದ ತುಕ್ಕಿನ ಚಕ್ಕೆ. ಚಕ್ಕೆ ಎದ್ದಿತು, ಹಲ್ಲು ಜಾರಿತು. ಸದ್ದು ಹೇಗಿತ್ತು ಅಂದರೆ ಪಕ್ಕದ ಮನೆಯವರು ಟಯರು ಒಡೆಯಿತಾ ಅಂತ ಕೇಳಲು ಬಂದರು.

ವೈಸ್ ಗ್ರಿಪ್ ಹಾರಿ ಬಾಗಿಲಿನ ಒಳಮೈಗೆ ಬಡಿಯಿತು. ಹೊರಮೈಯಲ್ಲಿ ಕಡಲೆಕಾಳಿನಷ್ಟು ಉಬ್ಬು. ನನ್ನ ಬಲಗೈಯ ಮೂರು ಗೆಣ್ಣು ಸುಲಿಯಿತು. ಸರಳು ತನ್ನ ಕಚ್ಚಿನಿಂದ ಹಾರಿ ಪಕ್ಕದ ಕಚ್ಚಿನಲ್ಲಿ ಓರೆಯಾಗಿ ಕುಳಿತಿತು. ಆ ಅದುರಿಗೆ ದೋಟಿ ತುಂಡು ಜಾರಿ ಬಾಗಿಲು ಕೆಳಗೆ ಬಂತು. ಕೆಳಗೆ ನನ್ನ ಶೆಡ್ಡಿನ ಹುಡುಗ ಇಣುಕಿ ನೋಡುತ್ತಿದ್ದ. ಅವನು ಬೆಳಿಗ್ಗೆ ತೋಟದಿಂದ ಸೀದಾ ಬಂದವನು, ತಲೆಯಲ್ಲಿ ಮುಟ್ಟಾಳೆ ಇತ್ತು. ಹಾಳೆಯ ಟೊಪ್ಪಿ ಚಪ್ಪಟೆಯಾಯಿತು, ತಲೆಗೆ ಒಂದು ಗುಬುಟು, ಅಷ್ಟರಲ್ಲಿ ಮುಗಿಯಿತು. "ಕಾರಿಗೆ ಕಾರು ಡಿಕ್ಕಿ ಹೊಡೆಯುವುದು ಕೇಳಿದ್ದೆ, ಡಿಕ್ಕಿಯೇ ಡಿಕ್ಕಿ ಹೊಡೆದದ್ದು ಈಗಲೇ" ಎಂದ. ನನಗೆ ನಗು ಬರಲಿಲ್ಲ. ಟಿ.ಟಿ. ಚುಚ್ಚಿಸಿಕೊಂಡು ಬಂದೆ. ಆ ಉಬ್ಬು ತೆಗೆಯಲು ಬೇರೆ ಟಿಂಕರ್‌ಗೆ ಕೊಟ್ಟದ್ದು ಎರಡೂವರೆ ಸಾವಿರ. ಅದು ನನ್ನ ಕೈಯಿಂದ.

ಇಲ್ಲಿ ನನ್ನ ತಪ್ಪು ಎರಡು. ವೈಸ್ ಗ್ರಿಪ್ ಒಂದು. ಅದಕ್ಕಿಂತ ದೊಡ್ಡದು ಬಾಗಿಲಿಗೆ ಕೆಳಗಿನಿಂದ ಊರೆ ಕೊಟ್ಟದ್ದು. ಕೆಳಗಿನ ಊರೆ ಅದುರಿದರೆ ಜಾರುತ್ತದೆ, ಅಲ್ವಾ? ಮೇಲಿನಿಂದ ಕಟ್ಟಿದ್ದು ಜಾರುವುದಿಲ್ಲ. ತೆಂಗಿನಕಾಯಿ ಗೊನೆ ಇಳಿಸುವವರಿಗೆ ಇದು ಗೊತ್ತು. ನನಗೆ ಗೊತ್ತಾಗಲು ಒಂದು ಮುಟ್ಟಾಳೆ ಹೋಗಬೇಕಾಯಿತು.

ಎರಡನೆಯ ಸಲ ಹಗ್ಗ. ಯಾರೋ ಹೇಳಿದರು, ಸರಳಿನ ತುದಿಗೆ ನೈಲಾನ್ ಹಗ್ಗ ಕುಣಿಕೆ ಹಾಕಿ, ದೂರ ನಿಂತು ಎಳೆದರೆ ಕೈಗೆ ಅಪಾಯ ಇಲ್ಲ ಅಂತ. ಕೇಳಲು ಚೆಂದ. ಲಾರಿಯವರ ರ‍್ಯಾಚೆಟ್ ಬೆಲ್ಟು ತಂದು ಶೆಡ್ಡಿನ ಹಿಂದಿನ ಹಲಸಿನ ಮರಕ್ಕೆ ಕಟ್ಟಿ, ಮಧ್ಯೆ ಹಗ್ಗ ಹಾಕಿ ಬಿಗಿಯುತ್ತಾ ಹೋದೆ. ಸರಳು ಅಲುಗಲಿಲ್ಲ. ಕಾರೇ ಹಲಸಿನ ಮರದ ಕಡೆಗೆ ಒಂದು ಗೇಣು ಬಂತು. ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಬಿಗಿದೆ. ಆಗ ಹಗ್ಗ ವೀಣೆಯ ತಂತಿಯ ಹಾಗೆ ಹಾಡತೊಡಗಿತು. ನೈಲಾನ್ ಹಿಗ್ಗುತ್ತದೆ. ಹಿಗ್ಗಿದ ಹಗ್ಗ ಎಂದರೆ ಇನ್ನೊಂದು ಸ್ಪ್ರಿಂಗು. ಒಂದು ಸ್ಪ್ರಿಂಗು ತೆಗೆಯಲು ಹೊರಟವನು ಎರಡನೆಯದನ್ನು ತಯಾರಿಸಿ ಮಧ್ಯೆ ನಿಂತಿದ್ದೆ. ಮೆಲ್ಲಗೆ ಸಡಿಲ ಬಿಟ್ಟು, ಬೆಲ್ಟು ವಾಪಸು ಕೊಟ್ಟೆ. ಯಾರಿಗೂ ಗಾಯ ಇಲ್ಲ, ಖರ್ಚೂ ಇಲ್ಲ, ಒಂದು ದಿನ ಹೋಯಿತು.

ಗ್ರೈಂಡರಿನ ಮಾತು ಬಂದದ್ದು ಈ ಹೊತ್ತಿಗೆ. ಹಿರಿಯರು ಫೋನಿನಲ್ಲಿ ಬೈದರು, "ಇಷ್ಟು ದಿನ ಎಂತ ಆಟ ಆಡ್ತಾ ಇದ್ದೀಯಾ" ಅಂತ. ಅವರಿಗೆ ಗೊತ್ತಿಲ್ಲದ್ದು, ಅಥವಾ ಮರೆತದ್ದು ಒಂದು ವಿಷಯ. ಈ ಮಸ್ಟ್ಯಾಂಗಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಬೇರೆ ತಗಡು ಇಲ್ಲ. ಮ್ಯಾಟ್ ಎತ್ತಿದರೆ ಟ್ಯಾಂಕು. ಸುತ್ತ ಸ್ಕ್ರೂ ಹಾಕಿ ಕೂರಿಸಿದ್ದಾರೆ. 16 ಅಮೆರಿಕನ್ ಗ್ಯಾಲನ್, ಸುಮಾರು 60 ಲೀಟರು. ಪೆಟ್ರೋಲ್ ಹಾಕುವ ಕೊಳವೆಯೂ ಡಿಕ್ಕಿಯ ಒಳಗಿನಿಂದಲೇ ಟ್ಯಾಂಕಿಗೆ ಇಳಿಯುತ್ತದೆ, ಮಧ್ಯೆ ಒಂದು ರಬ್ಬರ್ ಹೋಸು. ಆ ಹೋಸು ಎಷ್ಟು ಹಳೆಯದೋ. ಅಲ್ಲಿ ನಿಂತು ಗ್ರೈಂಡರಿನ ಕಿಡಿ ಹಾರಿಸುವುದು ಎಂದರೆ ಗರ್ನಾಲು ಪೆಟ್ಟಿಗೆಯ ಮೇಲೆ ಕೂತು ಬೀಡಿ ಹಚ್ಚಿದ ಹಾಗೆ. ಖಾಲಿ ಟ್ಯಾಂಕಾದರೆ ಪರವಾಗಿಲ್ಲ ಎನ್ನುವವರಿಗೆ ಇನ್ನೊಂದು ಮಾತು: ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಜಾಸ್ತಿ ಭಯ. ಹುರಿ ತುಂಬಿದ ಸರಳನ್ನು ಮಧ್ಯೆ ಕತ್ತರಿಸಿದರೆ ಎರಡು ತುಂಡೂ ಯಾವ ಕಡೆ ಹೋಗುತ್ತವೆ ಅಂತ ಯಾರಿಗೂ ಹೇಳಲಾಗುವುದಿಲ್ಲ, ಅದು ಬೇರೆ. ಗ್ಯಾಸಿನಲ್ಲಿ ಕಾಯಿಸಿ ಮೆತ್ತಗೆ ಮಾಡು ಎಂದವರೂ ಒಬ್ಬರು ಇದ್ದರು. ಅವರ ಜತೆ ಮಾತು ಬೆಳೆಸಲಿಲ್ಲ.

ಇದಾದ ಮೇಲೆ ಬುದ್ಧಿ ಬಂತು. ಮೊದಲು ಟ್ಯಾಂಕಿನಲ್ಲಿದ್ದ ಹನ್ನೆರಡೋ ಹದಿಮೂರೋ ಲೀಟರು ತೆಗೆದು ಕ್ಯಾನಿಗೆ ಹಾಕಿ ದೂರ ಇಟ್ಟೆ. ಟ್ಯಾಂಕು ಇಳಿಸಿ, ಬಾಯಿಗಳಿಗೆ ಬಟ್ಟೆ ಕಟ್ಟಿ, ಬಚ್ಚಲಿನ ಆಚೆ ನೆರಳಿನಲ್ಲಿ ಇಟ್ಟೆ. ಹೇಗೂ ವೆಲ್ಡಿಂಗಿಗೆ ಇಳಿಸಲೇಬೇಕಿತ್ತು. ಮೊದಲೇ ಇಳಿಸಿದ್ದರೆ ನಿಂತು ಕೆಲಸ ಮಾಡಲು ಜಾಗವೂ ಸಿಗುತ್ತಿತ್ತು. ಟ್ಯಾಂಕು ಇಳಿಸಿದ ಡಿಕ್ಕಿಯಲ್ಲಿ ಕೆಳಗಿನಿಂದ ತಲೆ ತೂರಿಸಬಹುದು. ತೂರಿಸಬೇಡಿ.

ಮೂರನೆಯ ಸಲ ಪೈಪು. ಅರ್ಧ ಇಂಚಿನ ಜಿ.ಐ. ಪೈಪು ಎರಡು ಅಡಿ ಕತ್ತರಿಸಿ ಸರಳಿನ ತುದಿಗೆ ತೂರಿಸಿದೆ. ಇದು ಹೊರಗಿನ ದೇಶದವರೂ ಮಾಡುವ ಉಪಾಯ, ಚೆನ್ನಾಗಿಯೇ ಇದೆ. ಸರಳು ಬಂತು. ನಿಜವಾಗಿ ಬಂತು, ಕಚ್ಚಿನ ಅಂಚಿನವರೆಗೆ. ಅಲ್ಲಿಗೆ ಪೈಪಿನ ಬಾಯಿ ಬೆಸುಗೆಯ ಗೆರೆಯಲ್ಲಿ ಸೀಳಿತು. ಈ ಸಲ ಮುಖಕ್ಕೆ ಗ್ರೈಂಡಿಂಗಿನ ಶೀಲ್ಡು ಇತ್ತು, ಬಾಗಿಲು ಶೆಡ್ಡಿನ ಪಕ್ಕಾಸಿಗೆ ಬೆಲ್ಟಿನಲ್ಲಿ ನೇತಾಡುತ್ತಿತ್ತು, ನಾನು ಸರಳು ಬೀಸುವ ದಾರಿಯಲ್ಲಿ ಇರಲಿಲ್ಲ. ಸರಳು "ಟಣ್" ಎಂದು ವಾಪಸು ಕೂತಿತು, ಅಷ್ಟೇ. ಸೋತದ್ದು ಹೌದು, ಆದರೆ ಮೊದಲ ಸಲದ ಹಾಗಲ್ಲ. ಸೀಮ್‌ಲೆಸ್, ಅಂದರೆ ಬೆಸುಗೆಯ ಗೆರೆ ಇಲ್ಲದ ಪೈಪಾದರೆ ತಡೆಯುತ್ತಿತ್ತೇನೋ. ಮಂಗಳೂರಿನ ಬಂದರಿಗೆ ಹೋದರೆ ಸಿಗುತ್ತಿತ್ತು. ಹೋಗಲಿಲ್ಲ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ, ಗಡಿಯ ತಲಪಾಡಿ ದಾಟುವಷ್ಟರಲ್ಲಿ ಅರ್ಧ ದಿನ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ಹತ್ಯಾರು ಮಾರುತ್ತಾರೆ. ಕಂಡರೆ ಮೊಂಡು ಕೊಕ್ಕೆ ಇರುವ ಒಂದು ರಾಡು. ತರಿಸಲು ಸಾಗಾಟ, ಸುಂಕ ಎಲ್ಲ ಸೇರಿ ಆರೇಳು ಸಾವಿರ ಆಗುತ್ತಿತ್ತು, ಬರಲು ಒಂದು ತಿಂಗಳು. ಎರಡು ಸರಳಿಗೆ ಏಳು ಸಾವಿರ ಕೊಡುವಷ್ಟು ನಾನು ಧಣಿಯಲ್ಲ.

ಅದರ ಬದಲು ಕಾಸರಗೋಡಿನ ಗುಜರಿ ಅಂಗಡಿಗೆ ಹೋದೆ. ಇದು ಎಲ್ಲರಿಗೂ ಹೇಳುವ ಮಾತು, ಗುಟ್ಟೇನಲ್ಲ. ಈಗಿನ ಹಲವು ಸಣ್ಣ ಸೆಡಾನ್ ಕಾರುಗಳಲ್ಲೂ ಡಿಕ್ಕಿಗೆ ಇದೇ ಜಾತಿಯ ಸರಳು ಇರುತ್ತದೆ. ಆಕ್ಸಿಡೆಂಟಾಗಿ ಮುಂದೆ ಜಜ್ಜಿದ ಒಂದು ಸೆಡಾನ್ ಇತ್ತು, ಹಿಂದಿನ ಭಾಗ ಹೊಸತರ ಹಾಗೆ. ಮುನ್ನೂರು ರೂಪಾಯಿ ಕೊಟ್ಟು "ನಾಲ್ಕು ಗಂಟೆ ಇದರ ಜತೆ ಆಡ್ತೇನೆ, ಬಿಚ್ಚಿದ್ದನ್ನು ನೀವೇ ಇಟ್ಕೊಳ್ಳಿ" ಎಂದೆ. ಅವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ದುಡ್ಡು ತೆಗೆದುಕೊಂಡರು.

ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಜತೆಗೆ ಒಯ್ದಿದ್ದೆ. ಒಂದೂವರೆ ಅಡಿಯ ರಾಡಿನ ತುದಿಗೆ ಸಿಕ್ಕಿಸಿ ಎಳೆದು ನೋಡಿದೆ. ಬಾಗಿಲು ಪೂರ್ತಿ ತೆರೆದಾಗ ಸರಳು ಕಚ್ಚಿನಿಂದ ಏಳಲು ಹತ್ತು ಹನ್ನೆರಡು ಕಿಲೋ ಸಾಕಾಯಿತು. ಬಾಗಿಲು ಅರ್ಧ ಇಳಿಸಿದರೆ ಇಪ್ಪತ್ತರ ಮೇಲೆ. ಇನ್ನೂ ಇಳಿಸಿ ನೋಡುವ ಧೈರ್ಯ ಬರಲಿಲ್ಲ. ಬಾಗಿಲು ಮುಚ್ಚುತ್ತಾ ಬಂದ ಹಾಗೆ ಹುರಿ ಏರುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಎರಡು ಪಾಲು ಏರುತ್ತದೆ ಅಂತ ತಕ್ಕಡಿಯಲ್ಲಿ ಕಂಡ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಜಾಗ ಸಾಲುವುದಿಲ್ಲ ಅಂತ ಬಾಗಿಲನ್ನು ಸ್ವಲ್ಪ ಇಳಿಸಿಕೊಂಡು ಕೆಲಸ ಮಾಡುವವರು ಇದ್ದಾರಲ್ಲ, ಅವರು ಬದುಕಿರುವುದೇ ದೊಡ್ಡದು. ಬಾಗಿಲು ಎಷ್ಟು ಮೇಲೆ ಹೋಗುತ್ತದೋ ಅಷ್ಟಕ್ಕೆ ಎತ್ತಿ ಕಟ್ಟಿ. ಮಸ್ಟ್ಯಾಂಗಿನಲ್ಲಿ ಬೆಲ್ಟು ಬಿಗಿದು ಇನ್ನೂ ಎರಡು ಬೆರಳು ಎತ್ತಿದೆ. ಬಿಜಾಗರಿ ಬಗ್ಗದಷ್ಟು.

ಗುಜರಿಯಲ್ಲಿ ಸರಳನ್ನು ಏಳೆಂಟು ಸಲ ತೆಗೆದು ಹಾಕಿದೆ. ಎರಡು ಸಲ ಜಾರಿತು. ಜಾರಿದ್ದು ಯಾಕೆ ಅಂತ ಗೊತ್ತಾಯಿತು, ಅದೇ ಲಾಭ. ಎಳೆಯುವಾಗ ರಾಡು ತುಸು ತಿರುಗುತ್ತದೆ. ತಿರುಗಿದ ಕೂಡಲೇ ಸರಳು ಅಂಚಿನಿಂದ ಹೊರಳುತ್ತದೆ. ಕೊಕ್ಕೆ ಆಳ ಇದ್ದರೆ ಸಾಲದು, ಬಾಯಿಗೆ ಒಂದು ತುಟಿ ಬೇಕು.

ಊರಿಗೆ ಬಂದು ಹತ್ಯಾರು ಮಾಡಿಸಿದೆ. ಹಳೆ ಲಾರಿಯ ವೀಲ್ ಸ್ಪ್ಯಾನರಿನ ರಾಡು, ಗುಜರಿಯಲ್ಲೇ ಕಿಲೋ ಲೆಕ್ಕದಲ್ಲಿ ಎಂಬತ್ತು ರೂಪಾಯಿಗೆ ಸಿಕ್ಕಿತು. ಒಳ್ಳೆ ಸ್ಟೀಲು, ಬಗ್ಗುವುದಿಲ್ಲ. ತುದಿಯಲ್ಲಿ ಒಂದು ಗಾಡಿ, ಅಂದರೆ ಸರಳು ಕೂರುವ ತೋಡು, ಕೊರೆಯಲು ಲೇತಿನವರಿಗೆ ಇನ್ನೂರೈವತ್ತು. ಅವರ ಜತೆ ಗೋಳಿಬಜೆ, ಚಾ ಐವತ್ತು. ಒಟ್ಟು 380. ಗಾಡಿಯ ಅಗಲ ಸರಳಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರಬೇಕು, ಹೊರಬಾಯಿಗೆ ತುಟಿ. ಗಾಡಿ ರಾಡಿಗೆ ನೇರ ಅಲ್ಲ, ಓರೆ. ಎಷ್ಟು ಓರೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹನ್ನೆರಡು ದಿನ, ಒಂದು ಮುಟ್ಟಾಳೆ, ಮೂರು ಗೆಣ್ಣು ಕೊಟ್ಟು ಕಲಿತದ್ದು. ನೇರ ಕೊರೆದರೂ ಕೆಲಸ ಆಗುತ್ತದೆ, ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ.

ಗಾಡಿಯ ಒಳಗೆ ಸರಳು ಕೂರುವ ಮೊದಲು ನಾನು ಒಂದು ಸಣ್ಣ ವಸ್ತು ಇಡುತ್ತೇನೆ, ಜಾರದಿರಲು. ಅದು ಪ್ರತಿ ಮನೆಯ ಅಡುಗೆ ಕೋಣೆಯಲ್ಲೂ ಇರುತ್ತದೆ. ಅದರ ಹೆಸರನ್ನೂ ಹೇಳುವುದಿಲ್ಲ. ಮನೆಯವಳು ಇನ್ನೂ ಅದನ್ನು ಹುಡುಕುತ್ತಿದ್ದಾಳೆ.

ನಾಲ್ಕನೆಯ ಸಲ ಬೆಳಿಗ್ಗೆ ಆರೂವರೆಗೆ ಶುರು ಮಾಡಿದೆ. ಬೆಳಿಗ್ಗೆ ಯಾಕೆಂದರೆ ಶೆಡ್ಡಿನ ಮುಂದೆ ಜನ ಸೇರುವುದಿಲ್ಲ. ಈ ಕೆಲಸಕ್ಕೆ ಒಬ್ಬ ಸಹಾಯಕ ಬೇಕು, ಇಬ್ಬರು ಬೇಡ. ಇಬ್ಬರಿದ್ದರೆ ಒಬ್ಬ ಸಲಹೆ ಕೊಡುತ್ತಾನೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿತ್ತು, ಟ್ಯಾಂಕು ಹೊರಗಿತ್ತು. ಡಿಕ್ಕಿಯ ಅಂಚಿಗೆಲ್ಲ ಒದ್ದೆ ಮಾಡಿ ಮೆತ್ತಗಾದ ಅಡಿಕೆ ಹಾಳೆ ಕವುಚಿದೆ. ಬಣ್ಣ ಕಾಯಲು ಹಳೆ ಕಂಬಳಿಗಿಂತ ಹಾಳೆ ಎಷ್ಟೋ ಮೇಲು. ಪೆಟ್ಟು ಬಿದ್ದರೆ ಹಂಚಿಕೊಳ್ಳುತ್ತದೆ, ಜಾರುವುದಿಲ್ಲ, ದುಡ್ಡಿಲ್ಲ. ಸರಳಿನ ಎರಡೂ ತುದಿ ಯಾವ ಕಚ್ಚಿನಲ್ಲಿ ಇದೆ ಅಂತ ಬಿಳಿ ಬಣ್ಣದಲ್ಲಿ ಗುರುತು ಹಾಕಿದೆ, ಫೋಟೋ ತೆಗೆದೆ. ಎಡದ್ದು, ಬಲದ್ದು ಅಂತ ಸರಳಿಗೂ ಬರೆದೆ. ಇದನ್ನು ಮಾಡದೆ ಬಿಚ್ಚಿದವರು ಹಾಕುವಾಗ ಅಳುತ್ತಾರೆ. ಎರಡು ಸರಳು ಒಂದರ ಮೇಲೆ ಒಂದು ಅಡ್ಡ ಹೋಗುತ್ತವೆ, ಯಾವುದು ಮೇಲೆ ಯಾವುದು ಕೆಳಗೆ ಎನ್ನುವುದೂ ಬೇಕಾಗುತ್ತದೆ.

ಸರಳಿನ ಮಧ್ಯಕ್ಕೆ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಾರಿನ ಮೈಗೆ ಕಟ್ಟಿದೆ, ಒಂದು ಗೇಣು ಸಡಿಲ ಬಿಟ್ಟು. ಎಳೆಯಲು ಅಲ್ಲ. ಜಾರಿದರೆ ಸರಳು ಒಂದು ಗೇಣಿಗಿಂತ ಆಚೆ ಹಾರಬಾರದು, ಅದಕ್ಕೆ.

ತುಕ್ಕಿನ ಚಕ್ಕೆಯನ್ನು ವೈರ್ ಬ್ರಷ್ಷಿನಲ್ಲಿ ಕೈಯಿಂದಲೇ ಉಜ್ಜಿ ತೆಗೆದೆ. ಕಚ್ಚಿಗೆ ಹಿಂದಿನ ರಾತ್ರಿಯೇ ಡೀಸೆಲ್ಲೂ ಗ್ರೀಸೂ ಕಲಸಿ ಹಚ್ಚಿದ್ದೆ. ಆಮೇಲೆ ಸುಮ್ನೆ ಎರಡು ನಿಮಿಷ ನೋಡಿದೆ. ಸರಳು ಕಚ್ಚಿನ ಯಾವ ಗೋಡೆಯನ್ನು ಒತ್ತುತ್ತಿದೆ? ಅದರ ಎದುರು ದಿಕ್ಕಿಗೆ ಎಳೆಯಬೇಕು. ಮೊದಲ ದಿನ ನಾನು ಅಂದಾಜಿನಲ್ಲಿ ಎಳೆದಿದ್ದೆ, ದಿಕ್ಕು ಅರ್ಧ ತಪ್ಪಿತ್ತು.

ಶೀಲ್ಡು ಹಾಕಿ, ಚರ್ಮದ ಗವುಸು ಹಾಕಿ, ಡಿಕ್ಕಿಯ ಬದಿಗೆ ನಿಂತೆ. ರಾಡು ಸಿಕ್ಕಿಸಿದೆ. ಎಳೆದದ್ದು ಎರಡು ದಾರದಷ್ಟು, ಅಂದರೆ ಕಾಲು ಇಂಚು, ಅಷ್ಟೇ. ಸರಳು ಗೋಡೆ ಬಿಟ್ಟಿತು. ಹುಡುಗ ಸಣ್ಣ ಟಾಮಿ ಕೋಲಿನಲ್ಲಿ ಅದನ್ನು ಕಚ್ಚಿನಿಂದ ಹೊರಗೆ ದೂಡಿದ. ಈಗ ಇಡೀ ಹುರಿ ನನ್ನ ಕೈಯಲ್ಲಿ. ಇಲ್ಲೇ ಎಲ್ಲರೂ ತಪ್ಪುವುದು. ಹೊರಗೆ ಬಂತು ಅಂತ ಖುಷಿಯಲ್ಲಿ ಬಿಟ್ಟುಬಿಡುತ್ತಾರೆ. ಬಿಡುವುದಲ್ಲ, ಇಳಿಸುವುದು. ಬಾವಿಯಿಂದ ತುಂಬಿದ ಕೊಡ ಎಳೆದವನು ಹಗ್ಗ ಬಿಡುತ್ತಾನಾ? ಅದು ತಾನು ಹೋಗಬೇಕಾದ ಕಡೆಗೇ ಹೋಗಲಿ, ನನ್ನ ರಾಡು ಅದರ ಹಿಂದೆಯೇ ಹೋಗಲಿ. ಮೆಲ್ಲ, ಮೆಲ್ಲ. ರಾಡು ಸಡಿಲಾಯಿತು. ಕೈಯಲ್ಲಿ ಸರಳು ಸತ್ತ ಹಾವಿನ ಹಾಗೆ. ಇನ್ನೊಂದು ತುದಿ ಕೈಯಲ್ಲೇ ಕಳಚಿ ಬಂತು.

ಮೊದಲನೆಯದಕ್ಕೆ ಇಪ್ಪತ್ತು ನಿಮಿಷ. ಎರಡನೆಯದಕ್ಕೆ ಏಳೋ ಎಂಟೋ. ಎಂಟು ಗಂಟೆಗೆ ದೋಸೆ ತಿನ್ನುತ್ತಿದ್ದೆ. ಹಿರಿಯರಿಗೆ ಫೋಟೋ ಕಳಿಸಿದೆ, ಎರಡು ಸರಳಿನ ಪಕ್ಕದಲ್ಲಿ ನನ್ನ ಎರಡು ಕೈ ಇಟ್ಟು, ಹತ್ತೂ ಬೆರಳು ಕಾಣುವ ಹಾಗೆ. ಉತ್ತರ ಬರಲಿಲ್ಲ. ಸಂಜೆ ಫೋನು ಬಂತು. "ರಾಡು ಒಂದು ವಾರಕ್ಕೆ ಕೊಡು" ಅಂತ.

ಸರಳು ಹೊರಗಿದ್ದ ದಿನಗಳಲ್ಲಿ ಒಂದೆರಡು ಆಟ ಆಡಿದೆ. ಒಂದು, ಗ್ಯಾಸ್ ಶಾಕು, ಅಂದರೆ ಬಾಗಿಲು ಎತ್ತಿ ಹಿಡಿಯುವ ಗ್ಯಾಸು ತುಂಬಿದ ಕೊಳವೆ. ಹಳೆ ಹ್ಯಾಚ್‌ಬ್ಯಾಕ್ ಕಾರಿನ ಹಿಂಬಾಗಿಲಿನ ಜೋಡಿಯನ್ನು ಆರುನೂರಕ್ಕೆ ತಂದು, ತಗಡಿನ ಬ್ರಾಕೆಟ್ ಬೆಸೆದು ಸಿಕ್ಕಿಸಿ ನೋಡಿದೆ. ಬಾಗಿಲು ಎದ್ದಿತು, ಚೆಂದ ನಿಂತಿತು. ಆದರೆ ಮುಚ್ಚುವಾಗ ಬಾಗಿಲಿನ ಮೂಲೆ ಕಣ್ಣಿಗೆ ಕಾಣುವಷ್ಟು ಬಗ್ಗುತ್ತಿತ್ತು. ಆ ತಗಡಿಗೆ ಅಲ್ಲಿ ಒತ್ತಿಸಿಕೊಂಡು ಅಭ್ಯಾಸ ಇಲ್ಲ. ಯಜಮಾನರು ಬಂದು ನೋಡಿದರು. "ಅಜ್ಜನಿಗೆ ಹೊಸ ಹಲ್ಲು ಬೇಡ" ಎಂದರು. ಆರುನೂರು ನೀರಿಗೆ.

ಇನ್ನೊಂದು, ಗೇರು ಎಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆ ಹಿಂದೆ ನಮ್ಮ ಕಡೆ ದೋಣಿಗೆ, ಮರದ ಪಕ್ಕಾಸಿಗೆ ಹಚ್ಚುತ್ತಿದ್ದರು, ಗೆದ್ದಲು ಬಾರದಿರಲಿ ಅಂತ. ಮರಕ್ಕೆ ಆದರೆ ಸ್ಟೀಲಿಗೆ ಯಾಕಾಗಬಾರದು ಅನ್ನಿಸಿತು. ಒಂದು ಹಳೆ ರಾಡಿನ ತುಂಡಿಗೆ ಗೇರು ಎಣ್ಣೆ, ಇನ್ನೊಂದಕ್ಕೆ ಗ್ರೀಸು, ಮತ್ತೊಂದಕ್ಕೆ ಮಾಮೂಲಿ ಪ್ರೈಮರು ಹಚ್ಚಿ ಮಳೆಗೆ ಕಟ್ಟಿದೆ. ಎರಡು ತಿಂಗಳಲ್ಲಿ ಗ್ರೀಸು ತೊಳೆದು ಹೋಗಿ ತುಕ್ಕು. ಪ್ರೈಮರಿನ ಅಂಚಿನಲ್ಲಿ ತುಕ್ಕು. ಗೇರು ಎಣ್ಣೆಯದು ಮೊದಲು ಅಂಟಂಟು, ಮತ್ತೆ ಗಟ್ಟಿಯಾಗಿ ಕರಿಬೆಲ್ಲದ ಹಾಗೆ. ಕೆಳಗೆ ತುಕ್ಕು ಇರಲಿಲ್ಲ. ಗೆದ್ದದ್ದು ಅದೇ. ಆದರೆ ನನ್ನ ಮಣಿಕಟ್ಟಿಗೆ ಅದು ತಾಗಿ ಎದ್ದ ಬೊಕ್ಕೆ ಹತ್ತು ದಿನ ಇತ್ತು, ಗಾಯದ ಗುರುತು ಇನ್ನೂ ಇದೆ. ಡಿಕ್ಕಿಗೆ ಕೈ ಹಾಕಿದವರಿಗೆಲ್ಲ ಅದು ಬೇಡ ಎಂದು, ಮಸ್ಟ್ಯಾಂಗಿನ ಸರಳಿಗೆ ಎಪಾಕ್ಸಿ ಪ್ರೈಮರು, ಮೇಲೆ ಕಪ್ಪು ಬಣ್ಣ ಹೊಡೆದೆ. ಹೊಡೆಯುವ ಮೊದಲು ಸರಳನ್ನು ಇಡೀ ಉದ್ದ ಬೆರಳು ಆಡಿಸಿ, ಭೂತಗನ್ನಡಿ ಇಟ್ಟು ನೋಡಿದೆ. ತುಕ್ಕು ತಿಂದ ಗುಳಿ ಆಳ ಇದ್ದರೆ ಅಲ್ಲೇ ಒಂದು ದಿನ ಮುರಿಯುತ್ತದೆ. ಅಂಥದ್ದನ್ನು ಬೆಸೆದು, ಉಜ್ಜಿ ಸರಿ ಮಾಡಲು ಆಗುವುದಿಲ್ಲ, ಎಸೆಯುವುದೇ. ಇವೆರಡರಲ್ಲಿ ಮೇಲ್ಮೇಲಿನ ಚುಕ್ಕೆ ಮಾತ್ರ ಇತ್ತು. ವೈಸ್ ಗ್ರಿಪ್ಪಿನ ಹಲ್ಲಿನ ಗುರುತು ತುದಿಯಲ್ಲಿ ಒಂದಿತ್ತು. ಅದನ್ನು ನಯವಾದ ಮರಳು ಕಾಗದದಲ್ಲಿ ಉದ್ದಕ್ಕೆ ಉಜ್ಜಿದೆ. ಅಡ್ಡ ಉಜ್ಜಬಾರದು.

ಹಾಕುವುದು ತೆಗೆಯುವುದಕ್ಕಿಂತ ಕಷ್ಟ. ಹೊಸ ಬಣ್ಣ, ಕೈ ನಡುಗುತ್ತದೆ. ಅದೇ ರಾಡು, ಅದೇ ಹಾಳೆ, ಅದೇ ನಾರಿನ ಹಗ್ಗ, ಹಿಂದು ಮುಂದಾಗಿ. ಸರಳು ಹಳೆಯದಾಗಿ ಸೋತಿರಬಹುದು ಅಂತ ಜಾಣತನ ಮಾಡಿ ಒಂದು ಬದಿಗೆ ಒಂದು ಕಚ್ಚು ಬಿಗಿ ಹಾಕಿದೆ. ಬೀಗ ತಿರುಗಿಸಿದ ಕೂಡಲೇ ಬಾಗಿಲು ಕುಪ್ಪಳಿಸಿ ಎದ್ದು ನನ್ನ ಗಲ್ಲಕ್ಕೆ ಬಡಿಯಿತು. ಹೊಸ ರಬ್ಬರ್ ಬೀಡಿಂಗೂ ಕೆಳಗಿನಿಂದ ದೂಡುತ್ತಿತ್ತಲ್ಲ. ಮತ್ತೆ ಬಿಚ್ಚಿ ಬಿಳಿ ಗುರುತಿನ ಹಳೆ ಕಚ್ಚಿಗೇ ಹಾಕಿದೆ. ಐದು ನಿಮಿಷದ ಕೆಲಸ ಈಗ.

ದುಡ್ಡಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ, ಚೀಟಿ ಎಲ್ಲ ಇಟ್ಟಿಲ್ಲ. ಉಬ್ಬು ತೆಗೆಯಲು 2500, ಗುಜರಿಗೆ 300, ರಾಡಿಗೆ 380, ಶಾಕಿಗೆ 600, ಪೈಪು, ಟಿ.ಟಿ., ಗವುಸು, ಹೊಸ ಶೀಲ್ಡು ಎಲ್ಲ ಸೇರಿ ಇನ್ನೊಂದು ಸಾವಿರದ ಹತ್ತಿರ. ಹುಡುಗನಿಗೆ ಹೊಸ ಮುಟ್ಟಾಳೆ, ಅದು ಅವನಮ್ಮ ಮಾಡಿ ಕೊಟ್ಟರು. ಐದು ಸಾವಿರದ ಒಳಗೆ ಮುಗಿಯಿತು ಎನ್ನಬಹುದು. ಹನ್ನೆರಡು ದಿನದ ಕೂಲಿ ಹಾಕಬೇಡಿ, ಹಾಕಿದರೆ ನಾನು ಈ ಕಸುಬು ಬಿಡಬೇಕಾಗುತ್ತದೆ. ರಾಡು ಈಗ ಹಿರಿಯರ ಹತ್ತಿರ ಇದೆ. ಒಂದು ವಾರ ಅಂದದ್ದು ಮೂರು ತಿಂಗಳಾಯಿತು.

ಯಜಮಾನರು ಕಾರು ಒಯ್ಯಲು ಬಂದ ದಿನ ಬಾಗಿಲನ್ನು ಒಂದು ಬೆರಳಿನಲ್ಲಿ ಎತ್ತಿ ನೋಡಿದರು. ನಿಂತಿತು. ಇಳಿಸಿದರು, ಮತ್ತೆ ಎತ್ತಿದರು. ನಾಲ್ಕು ಸಲ ಹಾಗೆ ಮಾಡಿದರು. ಮತ್ತೆ ನಮ್ಮ ತೋಟದ ಎರಡು ನೇಂದ್ರ ಗೊನೆ ಡಿಕ್ಕಿಯಲ್ಲಿ ಇಟ್ಟುಕೊಂಡು ಉಪ್ಪಳಕ್ಕೆ ಹೊರಟರು. ಗೊನೆಯ ದುಡ್ಡು ಕೊಟ್ಟರು. ಕೆಲಸದ್ದು ಇನ್ನೂ ಎಂಟು ಸಾವಿರ ಬಾಕಿ ಇದೆ.